ಗಂಜಿಯ ಸೌಟು, 1945 ಮತ್ತು ನಮ್ಮ 1948

ದುಬಲಗುಂಡಿಯ ಹುಡುಗರ ಮೊಬೈಲಿನಲ್ಲಿ ಈಗ ನರುಟೊ ಓಡುತ್ತದೆ. ಜಪಾನಿನ ಕಾರ್ಟೂನು, ಅವರ ಬಾಯಲ್ಲಿ ಅನಿಮೆ. ಹುಟ್ಟಿದ ದಿನವೇ ತಂದೆ ತಾಯಿಯನ್ನು ಕಳೆದುಕೊಂಡ ಹುಡುಗ ಅವನು. ಊರವರು ಅವನನ್ನು ದೂರ ಇಡುತ್ತಾರೆ, ಯಾಕೆಂದು ಯಾರೂ ಹೇಳುವುದಿಲ್ಲ. ಹೇಳಕೂಡದೆಂದು ಹಿರಿಯರದೇ ಕಟ್ಟಪ್ಪಣೆ. ಹುಡುಗರು ಕಾದಾಟ ನೋಡುತ್ತಾರೆ. ನಮಗೆ ಕಾಡಿದ್ದು ಆ ಕಟ್ಟಪ್ಪಣೆ.

ಇದಕ್ಕಿಂತ ಹಳೆಯದು, ನೋಡಲು ಇನ್ನೂ ಕಷ್ಟದ್ದು, 1988ರ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್'. ಮಿಣುಕುಹುಳುಗಳ ಗೋರಿ ಎಂದರ್ಥ. 1945ರಲ್ಲಿ ಕೋಬೆ ನಗರದ ಮೇಲೆ ಅಮೆರಿಕದ ವಿಮಾನಗಳು ಬೆಂಕಿ ಸುರಿದಾಗ ತಾಯಿ ಸಾಯುತ್ತಾಳೆ. 14 ವರ್ಷದ ಸೇತ, 4 ವರ್ಷದ ತಂಗಿ ಸೆತ್ಸುಕೊ ಸಂಬಂಧಿಕರ ಮನೆ ಸೇರುತ್ತಾರೆ. ಅಲ್ಲಿ ಹೊಡೆತವಿಲ್ಲ. ಆದರೆ ಗಂಜಿ ಬಡಿಸುವಾಗ ಮನೆಯಾಕೆ ತನ್ನವರಿಗೆ ತಳದ ಅಗುಳು ಹಾಕಿ, ಈ ಮಕ್ಕಳಿಗೆ ಮೇಲಿನ ತಿಳಿ ಹಾಕುತ್ತಾಳೆ. ಅಕ್ಕಿ ಬಂದದ್ದು ಇವರ ತಾಯಿಯ ಬಟ್ಟೆ ಮಾರಿ! ಮಕ್ಕಳು ಮನೆ ಬಿಡುತ್ತಾರೆ. ತಂಗಿ ಹಸಿವಿನಿಂದ ಸಾಯುತ್ತಾಳೆ, ಆಮೇಲೆ ಅಣ್ಣನೂ. ಬಾಂಬಿಗೆ ಸಾಯದ ಮಕ್ಕಳು ಸೌಟಿನ ಲೆಕ್ಕಕ್ಕೆ ಸತ್ತರು ಅನ್ನಿಸುತ್ತದೆ.

ಮೂಲ ಕಥೆ ಬರೆದದ್ದು ಅಕಿಯುಕಿ ನೊಸಾಕ, 1967ರಲ್ಲಿ. ಅವರ ಪುಟ್ಟ ತಂಗಿ ಹಸಿವಿನಿಂದ ಸತ್ತದ್ದು 1945ರಲ್ಲಿ. ಕಥೆಯ ಅಣ್ಣನಷ್ಟು ತಾನು ಒಳ್ಳೆಯವನಾಗಿರಲಿಲ್ಲ, ಆಕೆಯ ಪಾಲನ್ನೂ ತಿಂದಿದ್ದೆ ಎಂದು ಅವರೇ ಒಪ್ಪಿಕೊಂಡರು. ಕಥೆಯಾಗಿ ಹೊರಬರಲು 22 ವರ್ಷ ಹಿಡಿಯಿತು. ಸಿನಿಮಾ ಮಾಡಿದ ಇಸಾವೊ ತಕಾಹಾತ ಕೂಡ 9ನೇ ವಯಸ್ಸಿನಲ್ಲಿ ಒಕಯಾಮದ ಬಾಂಬ್ ದಾಳಿಯಲ್ಲಿ ಬದುಕುಳಿದವರು.

ನಮ್ಮ ಕಡೆ ಅಂಥ ವರ್ಷ 1948. ಮೇ ತಿಂಗಳಲ್ಲಿ ಬಸವಕಲ್ಯಾಣದ ಕಡೆಯ ಗೋರಟಾದಲ್ಲಿ ರಜಾಕಾರರು ಊರಿನ ಜನರನ್ನು ಕೊಂದರು. ಸೆಪ್ಟೆಂಬರಿನಲ್ಲಿ ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿಯಿತು. ಆಗ ಮತ್ತು ಅದರ ಬೆನ್ನಿಗೇ ಮುಸ್ಲಿಮರ ಕೊಲೆಗಳು ನಡೆದವು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ವರದಿಯನ್ನು ಸರ್ಕಾರ ದಶಕಗಳ ಕಾಲ ಹೊರಗೆ ಬಿಡಲಿಲ್ಲ. ಕಟ್ಟಪ್ಪಣೆ ಕಾರ್ಟೂನಿನಲ್ಲಿ ಮಾತ್ರ ಇರುತ್ತದೆಂದು ಯಾರು ಹೇಳಿದರು?

ಸತ್ತವರ ಅಂದಾಜಾದರೂ ಇದೆ. ಉಳಿದ ಮಕ್ಕಳು ಯಾರ ಮನೆಯಲ್ಲಿ ಬೆಳೆದರು, ಅವರ ತಟ್ಟೆಗೆ ಮೇಲಿನ ತಿಳಿ ಬಿತ್ತೋ ತಳದ ಅಗುಳೋ, ಅದನ್ನು ಬರೆದಿಟ್ಟವರು ನಮ್ಮಲ್ಲಿ ಎಲ್ಲಿದ್ದಾರೆ? ಹಿಂದೂ ಮನೆಯಿರಲಿ, ಮುಸ್ಲಿಂ ಮನೆಯಿರಲಿ, "ಆ ಗದ್ದಲದಾಗ..." ಎಂದು ಶುರುವಾದ ಮಾತು "ಹೋಗ್ಲಿ ಬಿಡಪ್ಪ" ಎನ್ನುವಲ್ಲಿಗೆ ನಿಲ್ಲುತ್ತದೆ. ಅದೇ ಹಿರಿಯರು ಮಕ್ಕಳನ್ನು ಹತ್ತಿರ ಕರೆದು ಮಾತಾಡಿಸದಿದ್ದರೆ, ಸ್ವಭಾವವೇ ಹಾಗೆ ಅಂದುಕೊಂಡು ನಾವು ಸುಮ್ಮನಾಗುತ್ತೇವೆ.

ಪ್ರತಿ ಸೆಪ್ಟೆಂಬರ್ 17ಕ್ಕೆ ನಾವು ಕಳಿಸುವ ಸುದ್ದಿ ಒಂದೇ: ಧ್ವಜಾರೋಹಣ, ಭಾಷಣ, ಫೋಟೊ. "ನಿಮ್ಮನ್ನು ಯಾರು ಸಾಕಿದರು?" ಎಂದು ಒಬ್ಬ ಅಜ್ಜಿಯನ್ನೂ ಕೇಳಿಲ್ಲ. ಆಗ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಇದ್ದಾರೆ. ಈ ಸಲ ಧ್ವಜ ಏರಿದ ಮೇಲೆ ಭಾಷಣಕ್ಕೆ ನಿಲ್ಲದೆ ದುಬಲಗುಂಡಿಯ ಮನೆಗಳ ಕಡೆ ನಡೆಯುತ್ತೇವೆ. ನಿಮ್ಮ ಮನೆಯಲ್ಲಿ ಅಂಥ ಅಜ್ಜಿ ಇದ್ದರೆ, ನಾವು ಬರುವ ತನಕ ಕಾಯಬೇಡಿ.