ಬೀದರ ಸೀಮೆಯ ಪ್ರಾರ್ಥನೆ: ಬರೆಯದೆ ಉಳಿದ ಪರಂಪರೆ

ಕನ್ನಡ ಕ್ರೈಸ್ತರ ಬಗ್ಗೆ ಬರೆಯುವವರು ಮಂಗಳೂರಿನ ಅಚ್ಚುಕೂಟದಿಂದ ಹೊರಟು ಕಿಟೆಲರ ನಿಘಂಟಿಗೆ ಬಂದು ನಿಲ್ಲುತ್ತಾರೆ. ಬೀದರಿನ ಮಾತು ಬಂದರಂತೂ ಮತಾಂತರದ ಲೆಕ್ಕ, ಮಿಷನ್ ಶಾಲೆ, ಮಿಷನ್ ಆಸ್ಪತ್ರೆ, ಅಷ್ಟೆ. ಆ ಜನ ದೇವರ ಮುಂದೆ ಕೂತು ಏನು ಮಾತಾಡಿದರು, ಹಾಗೆ ಮಾತಾಡುತ್ತ ಅವರು ಏನಾದರು ಎಂದು ಕೇಳಿದವರು ವಿರಳ. ಈಚೆಗೆ ನಮ್ಮೊಳಗೇ ಇನ್ನೊಂದು ತಪ್ಪು ತಿಳಿವಳಿಕೆ ಬೆಳೆಯುತ್ತಿದೆ: ಪ್ರಾರ್ಥನೆಯೆಂದರೆ ಬೇಡುವುದು, ಪಡೆಯುವುದು, ಪಡೆದದ್ದಕ್ಕೆ ಸಾಕ್ಷಿ ಹೇಳುವುದು. ಜನವಾಡ, ಭಾಲ್ಕಿ, ಔರಾದ ಕಡೆಯ ಪ್ರಾರ್ಥನಾ ಕೂಟಗಳಲ್ಲೇ ಬೆಳೆದವನಾಗಿ ಈ ಎರಡನ್ನೂ ಒಪ್ಪಿ ಸುಮ್ಮನಿರಲು ನನಗೆ ಆಗದು.

ಆರಂಭದ ಕಥೆ ಗೊತ್ತಿರುವಂಥದ್ದೇ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಅವರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡಕ್ಕೆ ಬಂತು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ನೆಲೆಯೂರಿತು. ಮೋಗ್ಲಿಂಗ್, ಕಿಟೆಲ್ ಮುಂತಾದವರು ಕನ್ನಡದಲ್ಲಿ ಹಾಡು ಕಟ್ಟಿದರು. ಕಿಟೆಲರು ಕ್ರಿಸ್ತನ ಜೀವನವನ್ನು ನಮ್ಮ ಛಂದಸ್ಸಿನಲ್ಲೇ ಹೇಳಿದರು. ಅವರ ಋಣ ದೊಡ್ಡದು. ಆದರೂ ಅದು ಓದು ಬಲ್ಲವರ, ಕೈಯಲ್ಲಿ ಪುಸ್ತಕ ಹಿಡಿದವರ ಪ್ರಾರ್ಥನೆ. ನಿಜಾಮನ ಆಳ್ವಿಕೆಯಲ್ಲಿದ್ದ ಬೀದರಿಗೆ ಪ್ರಾರ್ಥನೆ ಬಂದ ದಾರಿಯೇ ಬೇರೆ.

ಆ ದಾರಿ ಮೆಥೋಡಿಸ್ಟರದು. ಅದರ ಮೂಲ ಜಾನ್ ವೆಸ್ಲಿ. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಚಿಕ್ಕ ಕೂಟದಲ್ಲಿ ಅವರ ಎದೆ ಬೆಚ್ಚಗಾಯಿತು. ತನ್ನನ್ನೂ ದೇವರು ಪ್ರೀತಿಸುತ್ತಾನೆಂಬ ಭರವಸೆ ಅಂದು ಹುಟ್ಟಿತು. ಅಷ್ಟೇ ಮುಖ್ಯವಾದದ್ದು 1742ರಲ್ಲಿ ಬ್ರಿಸ್ಟಲ್‌ನಲ್ಲಿ ನಡೆದದ್ದು. ಪ್ರಾರ್ಥನಾಲಯದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಮಂದಿಯ ಗುಂಪು ಮಾಡಿ, ಒಬ್ಬ ಮುಖಂಡ ವಾರಕ್ಕೊಮ್ಮೆ ಮನೆಮನೆಗೆ ಹೋಗಿ ಒಂದೊಂದು ಪೆನ್ನಿ ಕೂಡಿಸುವಂತೆ ಗೊತ್ತುಮಾಡಿದರು. ಹಣಕ್ಕೆಂದು ಹೋದವನ ಕಣ್ಣಿಗೆ ಮನೆಯ ಕುಡಿತ, ಜಗಳ, ದುಃಖ ಬಿದ್ದವು. ವಸೂಲಿಯ ಗುಂಪೇ ಮುಂದೆ ಒಬ್ಬರ ಬದುಕನ್ನು ಇನ್ನೊಬ್ಬರು ವಿಚಾರಿಸಿ ಪ್ರಾರ್ಥಿಸುವ ಕೂಟವಾಯಿತು. ನಮ್ಮ ಹಳ್ಳಿಗಳಿಗೆ ಮುಂದೆ ಬಂದದ್ದು ಇದೇ ಕೂಟ.

1870ರ ದಶಕದಲ್ಲಿ ವಿಲಿಯಂ ಟೇಲರ್ ಮುಂಬಯಿ, ಬೆಂಗಳೂರುಗಳಲ್ಲಿ ಮೆಥೋಡಿಸ್ಟ್ ಸಭೆಗಳನ್ನು ಕಟ್ಟಿದರು. ಅಲ್ಲಿಂದ ಅಮೆರಿಕನ್ ಮಿಷನ್ ನಿಜಾಮನ ಸೀಮೆಗೂ ಹಬ್ಬಿತು. ಬೀದರಿನಲ್ಲಿ ಮಂಗಲಪೇಟೆ ಅದರ ನೆಲೆಯಾಯಿತು. ಸೇರಿದವರಲ್ಲಿ ಬಹುಪಾಲು ಮಂದಿ ಊರ ಹೊರಗಿನ ಕೇರಿಗಳ ದಲಿತರು. ಅವರು ಸೇರಿದ್ದು ಜೋಳಕ್ಕೆ, ಬಟ್ಟೆಗೆ ಎಂದು ಬರೆದವರಿದ್ದಾರೆ. ಹಸಿದವನಿಗೆ ಅನ್ನ ಸಿಕ್ಕರೆ ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಜೋಳ ಮುಗಿದ ಮೇಲೂ ಮೂರು ನಾಲ್ಕು ತಲೆಮಾರು ಅವರು ದಿನವಿಡೀ ದುಡಿದು ಬಂದು ಕಂದೀಲಿನ ಬೆಳಕಿನಲ್ಲಿ ಮೊಣಕಾಲೂರಿದ್ದು ಏತಕ್ಕೆ? ಗುಡಿಯ ಹೊಸ್ತಿಲು ತುಳಿಯಗೊಡದ ಊರಲ್ಲಿ ದೇವರನ್ನು ‘ತಂದೆ’ ಎಂದು ನೇರವಾಗಿ ಕರೆಯಬಹುದು ಎಂದು ಗೊತ್ತಾದಾಗ ಮನುಷ್ಯನ ಬೆನ್ನು ನೆಟ್ಟಗಾಗುತ್ತದೆ. ಬೀದರ ಸೀಮೆಯ ಮೊದಲ ಪರಿವರ್ತನೆ ಇದೇ.

ಪುಸ್ತಕ ಇಲ್ಲದ ಕಡೆ ಹಾಡು ಕೆಲಸ ಮಾಡಿತು. ಕನ್ನಡ ಕೀರ್ತನೆಯ ಜೊತೆ ತೆಲುಗು ಪದ, ಮರಾಠಿ ಅಭಂಗ, ಮಾತಿನ ನಡುವೆ ದಖನಿ ಉರ್ದು. ಅಹಮದನಗರದ ನಾರಾಯಣ ವಾಮನ ಟಿಳಕರು (1861–1919) ವಾರಕರಿ ಸಂತರ ಧಾಟಿಯಲ್ಲೇ ಕ್ರಿಸ್ತನನ್ನು ಹಾಡಿದರು. ಮರಾಠಿ ಗಡಿಯ ಔರಾದ, ಭಾಲ್ಕಿಯವರಿಗೆ ಆ ಧಾಟಿ ಪರಕೀಯವಲ್ಲ. ವಿಕಾರಾಬಾದ ಹತ್ತಿರದ ಧಾರೂರಿನಲ್ಲಿ 1920ರ ದಶಕದಿಂದ ನಡೆದು ಬಂದ ಮೆಥೋಡಿಸ್ಟ್ ಜಾತ್ರೆಗೆ ನಮ್ಮ ಕಡೆಯವರೂ ಹೋಗುತ್ತಾರೆ. ಜಾತ್ರೆಯಲ್ಲಿ ಬಯಲಲ್ಲೇ ಬಿಡಾರ, ಭಜನೆ, ಉಪವಾಸ ಪ್ರಾರ್ಥನೆ.

ಈ ನೆಲದ ಭಕ್ತಿಯ ಬಗ್ಗೆ ಆಳವಾಗಿ ಯೋಚಿಸಿದ ಕನ್ನಡ ಕ್ರೈಸ್ತ ಯಾರೆಂದರೆ ನಾನು ರೆವರೆಂಡ್ ಉತ್ತಂಗಿ ಚೆನ್ನಪ್ಪನವರ (1881–1962) ಹೆಸರನ್ನೇ ಹೇಳುತ್ತೇನೆ. ಅವರು ಬೀದರಿನವರಲ್ಲ, ಧಾರವಾಡ ಕಡೆಯವರು. ಬಾಸೆಲ್ ಮಿಷನ್ನಿನ ಪಾದ್ರಿ. ಸರ್ವಜ್ಞನ ವಚನಗಳನ್ನು ಊರೂರು ಸುತ್ತಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. ನಮ್ಮ ಜಿಲ್ಲೆಯ ಕಲ್ಯಾಣದ ಅನುಭವ ಮಂಟಪ ಬರೀ ಕಲ್ಪನೆ ಎಂಬ ವಾದ ಎದ್ದಾಗ ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಪುಸ್ತಕ ಬರೆದವರು ಈ ಕ್ರೈಸ್ತ ಪಾದ್ರಿ. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಶರಣರು ದೇವರೊಡನೆ ಆಡಿದ ಮಾತಿಗೆ ಕಿವಿಗೊಟ್ಟದ್ದರಿಂದ ಅವರ ಕ್ರಿಸ್ತಭಕ್ತಿ ಸಡಿಲವಾಗಲಿಲ್ಲ, ಇನ್ನಷ್ಟು ಬಿಚ್ಚಿಕೊಂಡಿತು. ದೇವರ ಪ್ರೀತಿಗೆ ಮನಸ್ಸು ತೆರೆದವನು ನೆರೆಯವನ ಭಕ್ತಿಗೂ ತೆರೆದುಕೊಳ್ಳುತ್ತಾನೆ ಎಂಬುದಕ್ಕೆ ಅವರ ಬದುಕೇ ಪುರಾವೆ. ನಮ್ಮ ಸಭೆಗಳು ಅವರನ್ನು ಸಾಹಿತಿಗಳಿಗೆ ಬಿಟ್ಟುಕೊಟ್ಟು ಕೂತಿವೆ. ಇದು ದೊಡ್ಡ ನಷ್ಟ.

ಆಶ್ರಮದ ದಾರಿಯೂ ಒಂದಿತ್ತು. ಬಿಷಪ್ ಆಗಿ ಆಯ್ಕೆಯಾಗಿದ್ದೂ ಆ ಪದವಿ ಬೇಡವೆಂದ ಮೆಥೋಡಿಸ್ಟ್ ಸ್ಟ್ಯಾನ್ಲಿ ಜೋನ್ಸ್ 1930ರಲ್ಲಿ ಉತ್ತರ ಭಾರತದ ಸಾತ್‌ತಾಲ್‌ನಲ್ಲಿ ಆಶ್ರಮ ತೆರೆದರು. ಕ್ಯಾಥೊಲಿಕರಲ್ಲಿ ಅಮಲೋರ್ಪವದಾಸರು 1979ರಲ್ಲಿ ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿದರು. ಮೌನದ ಬೆಲೆ ತಿಳಿಸಿದವರು ಇವರು. ಆದರೆ ಔರಾದದ ಕೂಲಿಯವನಿಗೆ ಮೈಸೂರು ಬಹಳ ದೂರ.

ನಮ್ಮ ತಲೆಮಾರಿನ ಪ್ರಾರ್ಥನೆ ಬೆಳೆದದ್ದು ಮನೆಕೂಟಗಳಲ್ಲಿ. ವಾರಕ್ಕೊಂದು ಮನೆ, ಗುಡಾರ (ಜಮಖಾನೆ) ಹಾಸಿ, ಢೋಲಕಿ, ತಾಳ ಇಟ್ಟು ಕೂಡುವುದು. ಓದು ಬಂದ ಹುಡುಗ ಒಂದು ಅಧ್ಯಾಯ ಓದಬೇಕು, ಆಮೇಲೆ ದೊಡ್ಡವರು ತಮ್ಮ ಮಾತಿನಲ್ಲೇ ಪ್ರಾರ್ಥಿಸುವರು. ಭಾಲ್ಕಿ ಕಡೆಯ ಒಬ್ಬ ಆಯಿ ಮಳೆ, ಬೆಳೆ, ಮಗನ ಕೆಲಸ ಎಲ್ಲ ಕೇಳಿ ಮುಗಿಸಿ ಕಡೆಗೆ, “ತಂದೀ, ನನ್ನ ಸಿಟ್ಟು ತೆಗಿ” ಎನ್ನುತ್ತಿದ್ದಳು. ಹೊಲದ ಬದುವಿನ ಜಗಳಕ್ಕೆ ಮಾತು ಬಿಟ್ಟ ಮೈದುನನ ಮನೆಯಲ್ಲಿ ಮುಂದಿನ ಕೂಟ ಇಡಿ ಎಂದು ಕೇಳಿದವಳೂ ಅವಳೇ. ಕೂಟ ಅಲ್ಲೇ ನಡೆಯಿತು. ಇಬ್ಬರೂ ಒಂದೇ ಗುಡಾರದ ಮೇಲೆ ಕೂತರು. ಮನಸ್ಸು ಹೊಸದಾಗಬೇಕೆಂದು ಪೌಲನು ರೋಮಿನವರಿಗೆ ಬರೆದದ್ದರ ಅರ್ಥ ನನಗೆ ತಿಳಿದದ್ದು ಹೀಗೆ. ಬೇಡಿಕೆಯಿಂದ ಶುರುವಾದ ಮಾತು ಬೇಡುವವನನ್ನೇ ತಿದ್ದುವ ಹಂತಕ್ಕೆ ಹೋಗಬೇಕು. ಕುಡಿತ ಬಿಟ್ಟವರು, ಹೆಂಡತಿಯ ಮೇಲೆ ಕೈ ಎತ್ತುವುದನ್ನು ನಿಲ್ಲಿಸಿದವರು ಈ ಕೂಟಗಳಲ್ಲಿ ಎಷ್ಟೋ ಮಂದಿ. ಯಾವ ವರದಿಯಲ್ಲೂ ಅವರಿಲ್ಲ.

ಈಗ ಮೈದಾನದ ಕೂಟಗಳ ಕಾಲ. ಕೀಬೋರ್ಡು, ಧ್ವನಿವರ್ಧಕ, ಯೂಟ್ಯೂಬಿನ ನೇರಪ್ರಸಾರ, ವಾಸಿಯಾದವರ ಸಾಕ್ಷಿ. ದುಡ್ಡಿಲ್ಲದ ರೋಗಿ ದೇವರ ಬಳಿ ಅಳುವುದನ್ನು ನಾನು ತಪ್ಪೆನ್ನಲಾರೆ, ಸುವಾರ್ತೆಗಳ ತುಂಬ ಅಂಥವರೇ ಇದ್ದಾರೆ. ವಾಸಿಯಾಗದವನ ಪ್ರಾರ್ಥನೆಯಲ್ಲಿ ನಂಬಿಕೆ ಸಾಲದು ಎನ್ನುವುದು ಮಾತ್ರ ಕ್ರೌರ್ಯ. ಅಂಥ ವೇದಿಕೆಯಿಂದ ಮನನೊಂದು ಮನೆಗೆ ಬಂದವರ ಪಕ್ಕ ಕೂತು ಸಮಾಧಾನ ಹೇಳಬೇಕಾದವರು ಹಳ್ಳಿಯ ಪಾಸ್ಟರುಗಳೇ.

ಬೀದರಿನ ಮನೆಕೂಟದ ಪ್ರಾರ್ಥನೆಗಳ ಒಂದು ಸಂಗ್ರಹವನ್ನೂ ನಾನು ಕಂಡಿಲ್ಲ. ಹೆಂಗಸರೇ ಕಾಪಾಡಿದ ಈ ಮಾತುಗಳನ್ನು ನಮ್ಮ ಗಂಡಸರ ಚರಿತ್ರೆಗಳು ಕೇಳಿಸಿಕೊಂಡಿಲ್ಲ. ಜನಪದ ಗೀತೆಗೆ, ತತ್ವಪದಕ್ಕೆ ವಿದ್ವಾಂಸರು ಊರೂರು ಅಲೆದರು, ಇದಕ್ಕೆ ಅಲೆಯಲಿಲ್ಲ. ಜನವಾಡ, ಭಾಲ್ಕಿ, ಔರಾದದ ಎಳೆಯ ಪಾಸ್ಟರುಗಳಲ್ಲಿ, ಕನ್ನಡ ಎಂ.ಎ. ಓದುತ್ತಿರುವ ನಮ್ಮ ಮಕ್ಕಳಲ್ಲಿ ನನ್ನ ಕೋರಿಕೆ ಇಷ್ಟೆ: ನಿಮ್ಮ ಕೇರಿಯ ಹಿರಿಯರ ಒಪ್ಪಿಗೆ ಪಡೆದು ಅವರ ಪ್ರಾರ್ಥನೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಅವರಾಡಿದ ಬೀದರ ಮಾತನ್ನು ತಿದ್ದದೆ ಹಾಗೇ ಬರೆದಿಡಿ. ಈ ವರ್ಷವೇ ಶುರುಮಾಡಿ.