ಕರಾಟೆ ಅಂಗಿಯೂ ಬಚ್ಚಲೊಲೆಯೂ

ನಮ್ಮ ಕಾಫಿ ಸೀಮೆಗೆ ಕರಾಟೆ ಎಂಬ ಮಾತು ಮೊದಲು ಬಂದದ್ದು ಸಿನಿಮಾದಿಂದ. 1980ರ ಆಸುಪಾಸಿನಲ್ಲಿ ನಾವು ಉದ್ದ ಲಂಗದ ಹುಡುಗಿಯರು. ಶಂಕರ್‌ನಾಗ್ ನಟಿಸಿದ ‘ಸೀತಾರಾಮು’, ‘ಮಿಂಚಿನ ಓಟ’ ಮೊದಲಾದ ಚಿತ್ರಗಳು ದೊಡ್ಡ ಊರುಗಳಲ್ಲಿ ಓಡಿ ಹಳತಾದ ಮೇಲೆ ನಮ್ಮ ಕಡೆಯ ಟೂರಿಂಗ್ ಟಾಕೀಸಿಗೆ ಬರುತ್ತಿದ್ದವು. ಅಭಿಮಾನಿಗಳು ಅವರನ್ನು ‘ಕರಾಟೆ ಕಿಂಗ್’ ಎಂದೇ ಕರೆಯುತ್ತಿದ್ದರು. ಸಿನಿಮಾ ನೋಡಿ ಬಂದ ಮರುದಿನ ಶಾಲೆಯ ಗಂಡು ಹುಡುಗರೆಲ್ಲ ಕರಾಟೆ ಕಿಂಗ್‌ಗಳೇ. ಗಾಳಿಗೆ ಗುದ್ದುವುದು, ಬೇಲಿಯ ಗೂಟಕ್ಕೆ ಒದ್ದು ಕಾಲು ಉಳುಕಿಸಿಕೊಳ್ಳುವುದು. ಹುಡುಗಿಯರಾದ ನಾವು ಜಗಲಿಯ ಮೇಲೆ ನಿಂತು ನಗುತ್ತಿದ್ದೆವು. ನಮಗೂ ಒಮ್ಮೆ ಗುದ್ದಿ ನೋಡುವ ಆಸೆ ಇದ್ದಿರಬೇಕು. ಕೇಳುವವರು ಇರಲಿಲ್ಲ, ಹೇಳಿಕೊಳ್ಳುವ ಧೈರ್ಯವೂ ಇರಲಿಲ್ಲ. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ನಮ್ಮೂರಿನ ಹುಡುಗರು ಮನೆಯವರನ್ನೇ ಕಳೆದುಕೊಂಡವರಂತೆ ಅತ್ತದ್ದು ನೆನಪಿದೆ.

ಆಮೇಲೆ ಕರಾಟೆ ಸಿನಿಮಾದಿಂದ ಇಳಿದು ಸಭಾಭವನಗಳಿಗೆ ಬಂತು. ಪೇಟೆಯ ಶಾಲೆಗಳಲ್ಲಿ, ಮದುವೆಯಿಲ್ಲದ ದಿನಗಳಲ್ಲಿ ಕಲ್ಯಾಣ ಮಂಟಪಗಳಲ್ಲಿ ತರಗತಿಗಳು ಶುರುವಾದವು. ನಾನಾಗ ಕಳಸದ ಕಡೆಯ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಮನೆಯವರಿಗೆ ಅಲ್ಲೇ ನಾಲ್ಕು ಎಕರೆ ತೋಟ. 2006ರಲ್ಲಿ, ಮಗಳು ಮೂರನೇ ತರಗತಿಯಲ್ಲಿದ್ದಾಗ, ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಬಂದು ಹೋಗುವ ಕರಾಟೆ ಮಾಸ್ಟರೊಬ್ಬರ ಬಳಿ ಅವಳನ್ನು ಸೇರಿಸಿದೆವು. ಎರಡು ವರ್ಷದ ಮೇಲೆ ಮಗನೂ ಅಕ್ಕನ ಹಿಂದೆ ಹೊರಟ.

ಮೊದಲ ತಕರಾರು ಅತ್ತೆಯವರದ್ದು. ಮಗಳು ಸಂಜೆ ಜಗಲಿಯಲ್ಲಿ ಕಾಲು ಅಗಲಿಸಿ ಅರ್ಧ ಕೂತ ಭಂಗಿಯಲ್ಲಿ ನಿಂತು, ಪ್ರತಿ ಗುದ್ದಿಗೂ ಕೂಗು ಹಾಕುತ್ತಿದ್ದಳು.

“ಅಲ್ಲ ಮಾರಾಯ್ತಿ, ದೀಪ ಹಚ್ಚೋ ಹೊತ್ತಲ್ಲಿ ಇವಳು ಎಂತಕ್ಕೆ ಹಿಂಗೆ ಕಿರುಚ್ತಾಳೆ? ಯಾರಾದ್ರೂ ಕೇಳಿದ್ರೆ ಎಂತ ಅಂದ್ಕೊಳ್ತಾರೆ?” ಎಂದರು.

“ಅಮ್ಮಾ, ಅದು ಉಸಿರು ಬಿಡೋ ಕ್ರಮವಂತೆ” ಎಂದೆ.

“ಉಸಿರು ಬಿಡೋಕೂ ಜಪಾನಿನವರೇ ಬರ್ಬೇಕಾ?” ಎಂದು ಒಳಗೆ ಹೋದರು. ಹೆಜ್ಜೆಗೆ ಲೆಕ್ಕವೂ ಜಪಾನಿ ಭಾಷೆಯದೇ: ಇಚಿ, ನಿ, ಸಾನ್, ಶಿ, ಗೋ. ಅತ್ತೆಗೆ ಅದರಲ್ಲಿ ‘ಗೋ’ ಒಂದು ಮಾತ್ರ ಅರ್ಥವಾಗುತ್ತಿತ್ತು. “ಐದಕ್ಕೆ ಗೋವು ಬಂತು, ಹಾಲು ಕರಿಯೋ ಹೊತ್ತಾಯ್ತು” ಎಂದು ಕೊಟ್ಟಿಗೆಗೆ ಏಳುತ್ತಿದ್ದರು.

ಕರಾಟೆಯ ನಿಜವಾದ ಎದುರಾಳಿ ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಪ್ಪ ಬಿಳಿ ಅಂಗಿ ಒಣಗುವುದೆಂದರೆ ಸುಮ್ಮನೆಯೇ? ಮಂಗಳವಾರ ಒಗೆದದ್ದು ಶನಿವಾರಕ್ಕೂ ತಣ್ಣಗೆ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ ದಿನ ಹೊರನಾಡಿನ ಕಡೆಯ ಮಕ್ಕಳು ತರಗತಿಗೆ ಬರುತ್ತಿರಲಿಲ್ಲ. ಬಂದವರು ಮೊದಲು ಕಾಲಿಗೆ ಹತ್ತಿದ ಇಂಬಳ ಕಿತ್ತು ಆಮೇಲೆ ಗುರುವಿಗೆ ನಮಸ್ಕಾರ ಮಾಡಬೇಕು. ಕೊನೆಗೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಅಂಗಿ ಒಣಗಿಸುವ ಉಪಾಯ ಹುಡುಕಿದವರು, ತಕರಾರು ತೆಗೆದ ಅದೇ ಅತ್ತೆ. ಬೆಳಿಗ್ಗೆ ಒಂದು ಮಗ್ಗುಲು, ಸಂಜೆ ಇನ್ನೊಂದು ಮಗ್ಗುಲು ತಿರುವಿ ಹಾಕುತ್ತಿದ್ದರು. ಅಂಗಿ ಒಣಗುತ್ತಿತ್ತು, ಆದರೆ ಬಣ್ಣ ಕೆನೆಯಂತಾಗಿ ಹೊಗೆಯ ವಾಸನೆ ಹಿಡಿಯುತ್ತಿತ್ತು. ಬಯಲುಸೀಮೆಯ ಮಕ್ಕಳ ಸಾಲಿನಲ್ಲಿ ನಮ್ಮ ಮಕ್ಕಳನ್ನು ಕಣ್ಣು ಮುಚ್ಚಿ ಗುರುತಿಸಬಹುದಿತ್ತು. ಮಳೆ ನಿಂತು ಕೊಯ್ಲು ಶುರುವಾಗುವ ಮುಂಚಿನ ಕೆಲವು ವಾರ ಮಾತ್ರ ಹಬ್ಬ. ಆಗ ಕಾಫಿ ಕಣ ಖಾಲಿ. ಆ ಸಿಮೆಂಟು ನೆಲದಷ್ಟು ಸಪಾಟು ಜಾಗ ನಮ್ಮ ಗುಡ್ಡದ ಮೇಲೆ ಇನ್ನೆಲ್ಲಿದೆ? ಹಣ್ಣು ಬಂದು ಕಣ ತುಂಬಿದ ದಿನ ಕರಾಟೆ ಮತ್ತೆ ಜಗಲಿಗೆ.

ಚರಿತ್ರೆ ಓದಿದವಳಿಗೆ ಒಂದು ಚಾಳಿ. ಮನೆಗೆ ಏನೇ ಬಂದರೂ ಅದು ಎಲ್ಲಿಂದ ಬಂತು, ಯಾರು ತಂದರು ಎಂದು ಕೇಳದಿದ್ದರೆ ಸಮಾಧಾನವಿಲ್ಲ. ಹುಡುಕುತ್ತ ಹೋದಾಗ ಸಂತೋಷವಾದ ಸಂಗತಿಯೊಂದು ಸಿಕ್ಕಿತು. ಕರಾಟೆಯನ್ನು ಲೋಕಕ್ಕೆ ಹಂಚಿದವರು ಮೇಷ್ಟ್ರುಗಳು!

ಕರಾಟೆಯ ತವರು ಒಕಿನಾವಾ. ಜಪಾನಿನ ದಕ್ಷಿಣಕ್ಕಿರುವ ದ್ವೀಪ. ಹಿಂದೆ ಅದು ರ್ಯೂಕ್ಯೂ ಎಂಬ ಬೇರೆಯೇ ರಾಜ್ಯವಾಗಿತ್ತು. 1879ರಲ್ಲಿ ಜಪಾನು ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಅಲ್ಲಿಯ ಹಿರಿಯರು ಈ ವಿದ್ಯೆಯನ್ನು ಗುಟ್ಟಾಗಿ, ಆಯ್ದ ಶಿಷ್ಯರಿಗೆ ಮಾತ್ರ ಹೇಳಿಕೊಡುತ್ತಿದ್ದರು. ಇತೊಸು ಅಂಕೊ ಎಂಬ ಗುರುಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಶಾಲೆಯ ಅಂಗಳಕ್ಕೆ ತಂದರು. ಶಾಲಾ ಮಕ್ಕಳಿಗೆಂದೇ ‘ಪಿನಾನ್’ ಎಂಬ ಐದು ಸರಳ ಪಾಠಗಳನ್ನು ರೂಪಿಸಿದರು. ಕರಾಟೆಯನ್ನು ಶಾಲೆಗಳಲ್ಲಿ ಯಾಕೆ ಕಲಿಸಬೇಕೆಂದು ವಿವರಿಸಿ 1908ರಲ್ಲಿ ಹತ್ತು ಅಂಶಗಳ ಪತ್ರವನ್ನೂ ಬರೆದರು. ಅವರ ಶಿಷ್ಯ ಫುನಾಕೋಶಿ ಗಿಚಿನ್ (1868–1957) ಪ್ರಾಥಮಿಕ ಶಾಲೆಯ ಅಧ್ಯಾಪಕರು. ಪಿನಾನ್‌ಗೆ ‘ಹೆಯಾನ್’ ಎಂದು ಹೆಸರು ಬದಲಿಸಿದವರು ಅವರೇ. ನನ್ನ ಮಗಳು ಕಾಫಿ ಕಣದಲ್ಲಿ ದಿನವೂ ಮಾಡುತ್ತಿದ್ದ ಹೆಯಾನ್, ನೂರು ವರ್ಷದ ಹಿಂದೆ ಶಾಲೆಯ ಮಕ್ಕಳಿಗೆಂದು ಬರೆದ ಪಾಠವೆಂದು ತಿಳಿದಾಗ ಅದರ ಮೇಲೆ ನನಗೊಂದು ಬಗೆಯ ಸಲಿಗೆ ಬಂತು.

1922ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಫುನಾಕೋಶಿ ಟೋಕಿಯೋಗೆ ಹೋಗಿ ಕರಾಟೆಯನ್ನು ಪ್ರದರ್ಶಿಸಿದರು. ಜೂಡೋ ಸ್ಥಾಪಿಸಿದ ಕಾನೊ ಜಿಗೊರೊ ತಮ್ಮ ಶಾಲೆಯಲ್ಲಿಯೂ ಅದನ್ನು ಮಾಡಿಸಿ ನೋಡಿ ಪ್ರೋತ್ಸಾಹ ಕೊಟ್ಟರು. ಈ ಕಾನೊ ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿದ್ದವರು, ಎಂದರೆ ನಮ್ಮ ಬಿ.ಎಡ್. ಬಳಗದವರೇ ಎನ್ನಿ. ನಾವು ಬಚ್ಚಲೊಲೆಯ ಮೇಲೆ ಒಣಗಿಸುತ್ತಿದ್ದ ಬಿಳಿ ಅಂಗಿಯೂ ಸೊಂಟದ ಪಟ್ಟಿಯೂ ಜೂಡೋದಿಂದ ಕರಾಟೆಗೆ ಬಂದವು.

ಇಷ್ಟು ಕರಾಟೆ ಪುಸ್ತಕಗಳಲ್ಲೆಲ್ಲ ಸಿಗುತ್ತದೆ. ನನ್ನನ್ನು ತಡೆದು ನಿಲ್ಲಿಸಿದ್ದು ಫುನಾಕೋಶಿ ತಮ್ಮ ಆತ್ಮಕಥೆಯಲ್ಲಿ ಹೆಂಡತಿಯ ಬಗ್ಗೆ ಹೇಳಿಕೊಂಡ ಮಾತುಗಳು. ಮೇಷ್ಟ್ರ ಸಂಬಳ ಬಹಳ ಸಣ್ಣದು, ಮನೆ ತುಂಬ ಜನ. ಹಗಲು ಪಾಠ, ರಾತ್ರಿ ಕೈಯಲ್ಲಿ ದೀಪ ಹಿಡಿದು ಗುರುವಿನ ಮನೆಗೆ ಹೋಗಿ ಅಭ್ಯಾಸ. ಆ ಗುರುಗಳು ಕಾಸು ಕೇಳುವವರಲ್ಲ, ಸರಿ. ಆದರೆ ಮನೆಯ ಒಲೆ ಉರಿಯಬೇಕಲ್ಲ? ಆಕೆ ರಾತ್ರಿ ಬಹಳ ಹೊತ್ತು ಮಗ್ಗದ ಮುಂದೆ ಕೂತು ಬಟ್ಟೆ ನೇಯುತ್ತಿದ್ದಳು. ಬೆಳಗಾಗುತ್ತಲೇ ದೂರದ ತುಂಡು ಹೊಲಕ್ಕೆ ನಡೆದು ತರಕಾರಿ ಬೆಳೆಯುತ್ತಿದ್ದಳು. ‘ಇದರಿಂದ ನಿಮಗೇನು ಸಿಕ್ಕಿತು’ ಎಂದು ಗಂಡನನ್ನು ಕೇಳಲಿಲ್ಲ; ಅಭ್ಯಾಸ ಬಿಡಬೇಡಿ ಎಂದೇ ಹೇಳುತ್ತಿದ್ದಳು. ನೋಡಿ ನೋಡಿಯೇ ಕಲಿತು ತಾನೂ ಅಭ್ಯಾಸ ಮಾಡುತ್ತಿದ್ದಳು. ಗಂಡ ಟೋಕಿಯೋಗೆ ಹೋದಾಗ ಆಕೆ ಹಿರಿಯರ ಸಮಾಧಿಗಳ ಪೂಜೆ ಬಿಟ್ಟು ಬರಲಾರೆನೆಂದು ಒಕಿನಾವಾದಲ್ಲೇ ಉಳಿದಳು. ಅಲ್ಲಿ ಆತ ವಿದ್ಯಾರ್ಥಿ ನಿಲಯವೊಂದರಲ್ಲಿ ಕಸ ಗುಡಿಸಿ, ಕಾವಲು ಕಾದು ಕರಾಟೆ ಕಲಿಸಿದ. ಇಲ್ಲಿ ಈಕೆ ಮನೆ ಹಿಡಿದು ನಿಂತಳು. ವರ್ಷ ಎರಡು ವರ್ಷವಲ್ಲ, ಇಪ್ಪತ್ತಕ್ಕಿಂತ ಹೆಚ್ಚು ವರ್ಷ. ಎರಡನೆಯ ಮಹಾಯುದ್ಧದಲ್ಲಿ ಒಕಿನಾವಾ ಹೊತ್ತಿ ಉರಿದ ಮೇಲೆ ಆಕೆ ಕ್ಯೂಶೂ ದ್ವೀಪಕ್ಕೆ ವಲಸೆ ಬಂದಳು. ಗಂಡ ಹೋಗಿ ಕೂಡಿಕೊಂಡರು. 1947ರಲ್ಲಿ ಆಕೆ ತೀರಿಕೊಂಡಳು.

ಇದನ್ನು ಓದಿದ ರಾತ್ರಿ ಬಚ್ಚಲಲ್ಲಿ ಅಂಗಿ ತಿರುವಿ ಹಾಕುತ್ತಿದ್ದ ಅತ್ತೆಗೆ ಕತೆಯನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳಿಗೆ ಅತ್ತೆ ಇರ್ಲಿಲ್ವಾ?” ಎಂದು ಕೇಳಿದರು. ಇದ್ದಳು, ಹತ್ತು ಜನರ ಸಂಸಾರವಂತೆ ಎಂದೆ. “ಮತ್ತೆ, ಬಟ್ಟೆ ಒಣಗ್ಸಿದ್ದು ಅವಳೇ ಇರ್ಬೇಕು” ಎಂದರು.

ಸ್ಪರ್ಧೆಗಳ ಕಾಲ ಬಂದಾಗ ನನಗೆ ಬೆಳಗಿನ ಜಾವದ ಬಸ್ಸುಗಳ ಪರಿಚಯವಾಯಿತು. ಚಿಕ್ಕಮಗಳೂರು, ಶಿವಮೊಗ್ಗ, ಚಾರ್ಮಾಡಿ ಘಾಟಿ ಇಳಿದು ಮಂಗಳೂರು. ಕೊಪ್ಪದ ಕಾರ್ಮಿಕರು ಸಂಘ ಕಟ್ಟಿ 1991ರಿಂದ ನಡೆಸಿದ ‘ಸಹಕಾರ ಸಾರಿಗೆ’ ಬಸ್ಸುಗಳು ಆಗ ಇದ್ದವು. 2020ರಲ್ಲಿ ಅವು ನಿಂತುಹೋದದ್ದು ನಮ್ಮ ಕಡೆಯವರಿಗೆ ಮನೆಯದೇ ಒಂದು ನಷ್ಟ. ಘಾಟಿಯಲ್ಲಿ ಮಗನಿಗೆ ವಾಂತಿ. ಮಗಳಿಗೆ ಹಸಿವು, ಆದರೆ ತೂಕ ನೋಡುವ ತನಕ ತಿನ್ನುವ ಹಾಗಿಲ್ಲ. ತೂಕದ ಯಂತ್ರ ಇಳಿದ ಕೂಡಲೇ ಡಬ್ಬಿ ತೆರೆದು ಕಡುಬು ಬಾಯಿಗಿಡುವುದು ನನ್ನ ಕೆಲಸ. ಆಮೇಲೆ ಸಭಾಂಗಣದ ಅಂಚಿನಲ್ಲಿ ಕಾಯುವುದು. ಬೆಳಿಗ್ಗೆ ಒಂಬತ್ತಕ್ಕೆ ಎಂದ ಸರದಿ ಮಧ್ಯಾಹ್ನ ಮೂರಕ್ಕೆ ಬರುತ್ತಿತ್ತು. ಇಡೀ ದಿನ ಕಾದ ಮೇಲೆ ಮಗು ಅಂಕಣದಲ್ಲಿ ಇರುವುದು ಒಂದೂವರೆ ಎರಡು ನಿಮಿಷ!

ಅಂಕದ ಲೆಕ್ಕ ಕಲಿಯಲು ನನಗೆ ವರ್ಷ ಹಿಡಿಯಿತು. ಗುದ್ದಿಗೆ ಒಂದು, ಮೈಗೆ ಒದ್ದರೆ ಎರಡು, ತಲೆಯ ಎತ್ತರಕ್ಕೆ ಒದ್ದರೆ ಮೂರು. ಆದರೆ ಹೊಡೆತ ಹಿಡಿತದಲ್ಲಿರಬೇಕು. ಜೋರಾಗಿ ತಾಗಿದರೆ ಹೊಡೆದವಳಿಗೇ ದಂಡ. ಇದನ್ನು ಕೇಳಿದ ಪಕ್ಕದ ತಾಯಿಯೊಬ್ಬರು, “ಸೊಸೆಯಾಗೋಕೆ ಒಳ್ಳೆ ತರಬೇತಿ ಮಾರ್ರೆ” ಎಂದು ನಗಿಸಿದರು. ಆ ಬೆಂಚುಗಳಲ್ಲಿ ನಾವು ಗೆಳತಿಯರಾದೆವು. ಐಸ್ ತುಂಡು, ಅರಿಶಿನ, ಬಟ್ಟೆಪಟ್ಟಿ, ಸೂಜಿದಾರ ಯಾರ ಚೀಲದಲ್ಲಾದರೂ ಇರುತ್ತಿತ್ತು.

ಇನ್ನೊಂದು ವಸ್ತುವೂ ಇರುತ್ತಿತ್ತು. ಹೆಣ್ಣುಮಕ್ಕಳಿಗೆ ಹನ್ನೆರಡು ಹದಿಮೂರು ತುಂಬುತ್ತಲೇ ಬಿಳಿ ಅಂಗಿ ಹೆದರಿಕೆಯ ವಸ್ತುವಾಗುತ್ತದೆ. ಮಗಳು ಏಳನೇ ತರಗತಿಯಲ್ಲಿದ್ದಾಗ ಶಿವಮೊಗ್ಗದಲ್ಲಿ ಸರದಿ ಬರುವ ಅರ್ಧ ಗಂಟೆ ಮೊದಲು ಮುಟ್ಟಾದಳು. “ಅಮ್ಮ, ನಾನು ಆಡಲ್ಲ” ಎಂದು ಕೂತುಬಿಟ್ಟಳು. ಪರಿಚಯವೇ ಇಲ್ಲದ ಹಾಸನದ ತಾಯಿಯೊಬ್ಬರು ತಮ್ಮ ಮಗಳ ಇನ್ನೊಂದು ಷರಾಯಿ ಕೊಟ್ಟು, ಒಳಗೆ ಕಪ್ಪು ಚಡ್ಡಿ ಹಾಕಿಸಿ, “ಹೋಗು ಮಗಳೇ, ಏನೂ ಕಾಣಲ್ಲ. ನಾನು ಹಿಂದೆ ನಿಂತು ನೋಡ್ತೀನಿ” ಎಂದರು. ಮಗಳು ಆಡಿದಳು, ಸೋತಳು, ಆದರೆ ಮುಂದಿನ ವಾರ ತರಗತಿಗೆ ಹೋದಳು. ಅದೇ ವರ್ಷ ಅವಳ ಜೊತೆಯ ಹುಡುಗಿಯರಲ್ಲಿ ಹೆಚ್ಚಿನವರು ಬಿಟ್ಟರು. ಟ್ಯೂಷನ್, ಪರೀಕ್ಷೆ ಎಂದು ಕಾರಣ ಕೊಟ್ಟರು. ತಾಯಂದಿರಿಗೆ ನಿಜ ಗೊತ್ತಿತ್ತು. ಹುಡುಗರು ಯಾರೂ ಬಿಡಲಿಲ್ಲ, ನನ್ನ ಮಗನೂ ಸೇರಿ.

ದೊಡ್ಡ ಲೋಕದಲ್ಲಿಯೂ ಹೆಂಗಸರ ಸರದಿ ತಡವಾಗಿಯೇ ಬಂತು. ವಿಶ್ವ ಚಾಂಪಿಯನ್‌ಷಿಪ್ 1970ರಲ್ಲಿ ಟೋಕಿಯೋದಲ್ಲಿ ಶುರುವಾದಾಗ ಬರೀ ಗಂಡಸರು. ಹೆಂಗಸರಿಗೆ ಪ್ರವೇಶ ಸಿಗಲು ಹತ್ತು ವರ್ಷ ಬೇಕಾಯಿತು. ಒಲಿಂಪಿಕ್ಸ್‌ನಲ್ಲಿ ಕರಾಟೆ ಮೊದಲು ಕಂಡದ್ದು ಟೋಕಿಯೋದಲ್ಲಿ, 2021ರ ಆಗಸ್ಟ್‌ನಲ್ಲಿ. ಅಲ್ಲಿ ಮೊದಲ ಚಿನ್ನ ಗೆದ್ದವಳು ಸ್ಪೇನಿನ ಸಾಂದ್ರಾ ಸಾಂಚೆಸ್, ಮೂವತ್ತೊಂಬತ್ತು ವರ್ಷದ ಹೆಣ್ಣುಮಗಳು. ಪ್ಯಾರಿಸ್‌ನ 2024ರ ಕೂಟದಲ್ಲಿ ಕರಾಟೆಯನ್ನು ಕೈಬಿಟ್ಟರು. ಆದರೂ ಆ ಚಿನ್ನದ ಚಿತ್ರವನ್ನು ನಾನು ಶಾಲೆಯ ಗೋಡೆಗೆ ಅಂಟಿಸಿದ್ದೇನೆ. ಹದಿಮೂರಕ್ಕೆ ಬಿಡುವ ಹುಡುಗಿಯರು ಮೂವತ್ತೊಂಬತ್ತನ್ನು ನೋಡಲಿ ಎಂದು.

2013ರಲ್ಲಿ ನನಗೆ ಮೂಡಿಗೆರೆಯ ಕಡೆಗೆ ವರ್ಗವಾಯಿತು. ಅಷ್ಟರಲ್ಲಿ ಕಾಲ ತಿರುಗಿತ್ತು. 2012ರ ಡಿಸೆಂಬರಿನ ದೆಹಲಿಯ ಘಟನೆಯ ಮೇಲೆ, ಹೆಣ್ಣುಮಕ್ಕಳನ್ನು ಕರಾಟೆಗೆ ಕಳಿಸಿ ಎಂದು ಎಲ್ಲರೂ ಹೇಳತೊಡಗಿದರು. ಸಿನಿಮಾ ತಂದ ಕರಾಟೆ ಗಂಡು ಹುಡುಗರಿಗೆ ಸಿಕ್ಕಿತು, ಭಯ ತಂದ ಕರಾಟೆ ಹುಡುಗಿಯರಿಗೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ‘ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ’ ಸರಕಾರಿ ಶಾಲೆಗಳಿಗೆ ಬಂತು. ನಮ್ಮ ಸರಕಾರ 2021ರಲ್ಲಿ ನವೆಂಬರ್ 11ನ್ನು ಒನಕೆ ಓಬವ್ವನ ಜಯಂತಿಯೆಂದು ಸಾರಿತು. ಓಬವ್ವನ ಪಾಠ ಮಾಡುವಾಗ ನಾನು ಹುಡುಗಿಯರಿಗೆ ಹೇಳುವುದುಂಟು: ಅವಳ ಕೈಗೆ ಸಿಕ್ಕಿದ್ದು ಅಡಿಗೆಮನೆಯ ಒನಕೆ, ಗಂಡ ಆಗ ಊಟಕ್ಕೆ ಕೂತಿದ್ದ.

ಶಾಲೆಯ ತರಬೇತಿ ಮೂರು ತಿಂಗಳಿನದು. ಒಳ್ಳೆಯದೇ. ಆದರೆ ನಾಲ್ಕನೆಯ ತಿಂಗಳು? ನನ್ನ ಎಂಟನೇ ತರಗತಿಯಲ್ಲಿ ಎಸ್ಟೇಟಿನ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳಿದ್ದಳು. ಮಾಸ್ಟರು ಅವಳನ್ನು ನೋಡಿ, “ಮೇಡಂ, ಇವಳನ್ನು ಬಿಡಬೇಡಿ” ಎಂದರು. ತಾವೇ ಶುಲ್ಕವಿಲ್ಲದೆ ಕಲಿಸಲು ಒಪ್ಪಿದರು. ಡಿಸೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ಸ್ಪರ್ಧೆ. ಪೋಷಕರು ಬರಬೇಕು. ಅವಳ ತಾಯಿಯನ್ನು ಕಂಡೆ.

“ಟೀಚ್ರೇ, ಹಣ್ಣು ಕೊಯ್ಯೋ ಕಾಲ. ಕೆ.ಜಿ. ಲೆಕ್ಕ ಕೊಡೋದು ಈಗ್ಲೇ. ಈ ಎರಡು ತಿಂಗಳ ದುಡ್ಡಲ್ಲಿ ಮಳೆಗಾಲ ಕಳೀಬೇಕು. ನಂಗೆ ಆಸೆ ಇಲ್ಲ ಅಂತಲ್ಲ” ಎಂದಳು. ಹಣ್ಣಿನ ಅಂಟು ಹಿಡಿದ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು ಮಗಳ ಬೆಲ್ಟನ್ನು ಮುಟ್ಟಿ ನೋಡಿದಳು.

ನನಗೆ ಭಾನುವಾರ ಬಿಡುವಿತ್ತು, ಸಂಬಳ ಕಡಿತವಿರಲಿಲ್ಲ. ಮನೆಯಲ್ಲಿ ಬಚ್ಚಲೊಲೆ ನೋಡಿಕೊಳ್ಳುವ ಅತ್ತೆ ಇದ್ದರು. ನನ್ನ ಮಕ್ಕಳ ಕರಾಟೆ ನಿಂತಿದ್ದು ಈ ಮೂರರ ಮೇಲೆ. ಪ್ರತಿಭೆ ಆಮೇಲಿನ ಮಾತು. ಈ ಹುಡುಗಿಗೆ ಪ್ರತಿಭೆ ಇತ್ತು, ಭಾನುವಾರ ಇರಲಿಲ್ಲ. ಯೋಜನೆಗಳು ಮಾಸ್ಟರನ್ನು ಕೊಡುತ್ತವೆ, ಕೆಲವೊಮ್ಮೆ ಅಂಗಿಯನ್ನೂ ಕೊಡುತ್ತವೆ. ಜೊತೆಗೆ ಬಂದು ಕಾಯುವ ಮನುಷ್ಯರನ್ನು ಎಲ್ಲಿಂದ ತರುವುದು?

ಮುಖ್ಯೋಪಾಧ್ಯಾಯರ ಒಪ್ಪಿಗೆ, ತಾಯಿಯ ರುಜು ಪಡೆದು ನಾನೇ ಕರೆದುಕೊಂಡು ಹೋದೆ. ಹುಡುಗಿ ಎರಡು ಸುತ್ತು ಗೆದ್ದು ಮೂರನೆಯದರಲ್ಲಿ ಸೋತಳು. ಆ ವರ್ಷದಿಂದ ನಾವು ಕೆಲವು ತಾಯಂದಿರು ಸೇರಿ ಸರದಿ ಮಾಡಿಕೊಂಡೆವು. ಸ್ಪರ್ಧೆಯ ಭಾನುವಾರ ಒಬ್ಬರು ನಾಲ್ಕು ಹುಡುಗಿಯರನ್ನು ಕರೆದುಕೊಂಡು ಹೋಗುವುದು. ಉಳಿದವರು ಬುತ್ತಿ ಕಟ್ಟಿ ಕೊಡುವುದು. ಚೀಲದಲ್ಲಿ ಒಂದು ಹೆಚ್ಚಿನ ಷರಾಯಿ, ಒಂದು ಪೊಟ್ಟಣ ಪ್ಯಾಡು ಕಡ್ಡಾಯ. ಕೊಯ್ಲಿನ ಕಾಲದಲ್ಲಿ ಎಸ್ಟೇಟಿನ ತಾಯಂದಿರ ಸರದಿ ಬರದಂತೆ ನೋಡಿಕೊಳ್ಳುತ್ತೇವೆ. ಮಳೆಗಾಲದಲ್ಲಿ, ತೋಟದ ಕೆಲಸ ಕಡಿಮೆಯಾದಾಗ, ಅವರು ಬರುತ್ತಾರೆ. ಆ ಹುಡುಗಿಯ ತಾಯಿ ಜುಲೈ ತಿಂಗಳಲ್ಲಿ ಮೊದಲ ಸಲ ಬಂದವಳು ಇಡೀ ದಿನ ಬೆಂಚಿನ ತುದಿಯಲ್ಲಿ ಕೂತು, ಮಗಳ ಸರದಿ ಮುಗಿದ ಮೇಲೆ ನನ್ನ ಕಡೆ ತಿರುಗಿ, “ಟೀಚ್ರೇ, ಗುದ್ದಿಗೆ ಒಂದೇನಾ? ಇವಳು ಒದೀಲಿ ಹಂಗಾದ್ರೆ” ಎಂದಳು.