ಶಸ್ತ್ರವೈದ್ಯನ ದಿನಚರಿಯಲ್ಲಿ ಚಾಮರಾಜನಗರ ಸೀಮೆ: ಫ್ರಾನ್ಸಿಸ್ ಬುಕಾನನ್ ಬದುಕು ಮತ್ತು ಸಮೀಕ್ಷೆ

ಇಂದಿನ ಚಾಮರಾಜನಗರ ಜಿಲ್ಲೆಯ ಹತ್ತೊಂಬತ್ತನೆಯ ಶತಮಾನದ ಚರಿತ್ರೆ ಬರೆಯಹೊರಟವರಿಗೆ ಅರಮನೆಯ ದಾಖಲೆಗಳು, ದೇವಾಲಯದ ಶಾಸನಗಳು ಸಾಕಷ್ಟು ಸಿಗುತ್ತವೆ. ಹೊಲದಲ್ಲಿ ದುಡಿದವರ, ಕಾಡಿನಲ್ಲಿ ಬಾಳಿದವರ ವಿವರ ಸಿಗುವುದು ಕಷ್ಟ. ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವ ಬರಹವೊಂದನ್ನು ಬಿಟ್ಟುಹೋದವನು ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯ ಫ್ರಾನ್ಸಿಸ್ ಬುಕಾನನ್. ಅವನ ಬದುಕು, ಈ ಸೀಮೆಯಲ್ಲಿ ಅವನು ಹಾದುಹೋದ ದಾರಿ, ಅವನ ಬರಹದ ಬೆಲೆ ಮತ್ತು ಮಿತಿ ಇವು ಪ್ರಸ್ತುತ ಲೇಖನದ ವಸ್ತು.

ಬದುಕು

ಸ್ಕಾಟ್ಲೆಂಡಿನಲ್ಲಿ 1762ರಲ್ಲಿ ಹುಟ್ಟಿದ ಬುಕಾನನ್ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯ ಪದವಿ ಪಡೆದ. ಸಸ್ಯಶಾಸ್ತ್ರವನ್ನೂ ಅಲ್ಲಿಯೇ ಕಲಿತ. 1794ರಲ್ಲಿ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಗೆ ಸೇರಿ, ಮರುವರ್ಷ ಬರ್ಮಾಕ್ಕೆ ಹೋದ ರಾಯಭಾರಿ ತಂಡದ ವೈದ್ಯನಾದ. ಗಿಡಮರ, ಮೀನು, ಮಣ್ಣು, ಜನಜೀವನ ಎಲ್ಲವನ್ನೂ ಬರೆದಿಡುವ ಅವನ ರೂಢಿಯನ್ನು ಮೇಲಧಿಕಾರಿಗಳು ಗುರುತಿಸಿದರು.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಗವರ್ನರ್ ಜನರಲ್ ವೆಲ್ಲೆಸ್ಲಿ ಮೈಸೂರು, ಕೆನರಾ, ಮಲಬಾರುಗಳ ಸಮೀಕ್ಷೆಗೆ ಬುಕಾನನ್‌ನನ್ನು ನೇಮಿಸಿದ. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಪಯಣ ಮುಗಿದದ್ದು 1801ರ ಜುಲೈನಲ್ಲಿ. ಅವನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮೈಸೂರಿನ ಸಮೀಕ್ಷೆಯ ಬಳಿಕ ನೇಪಾಳಕ್ಕೆ ಹೋಗಿಬಂದ, 1807ರಿಂದ 1814ರವರೆಗೆ ಬಂಗಾಳ ಪ್ರಾಂತದ ಸಮೀಕ್ಷೆ ನಡೆಸಿದ, ಕಲ್ಕತ್ತೆಯ ಸಸ್ಯೋದ್ಯಾನದ ಹೊಣೆ ಹೊತ್ತ. 1815ರಲ್ಲಿ ತಾಯ್ನಾಡಿಗೆ ಮರಳಿ ತಾಯಿಯ ಕಡೆಯ ಆಸ್ತಿಯೊಂದಿಗೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದ. ಗಂಗಾನದಿಯ ಮೀನುಗಳ ಕುರಿತ ಅವನ ಗ್ರಂಥ 1822ರಲ್ಲಿ ಬಂತು. 1829ರಲ್ಲಿ ತೀರಿಕೊಂಡ.

ದಾರಿ ಮತ್ತು ವಿಧಾನ

1799ರಲ್ಲಿ ಟಿಪ್ಪುವಿನ ರಾಜ್ಯವನ್ನು ಹಂಚಿದಾಗ ಕೊಳ್ಳೇಗಾಲ ಸೀಮೆ ಕಂಪನಿಗೆ ಸೇರಿ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. ಆಗ ಅರಿಕುಠಾರವೆಂದು ಕರೆಸಿಕೊಳ್ಳುತ್ತಿದ್ದ ಚಾಮರಾಜನಗರವೂ ಗುಂಡ್ಲುಪೇಟೆಯೂ ಮೈಸೂರು ಒಡೆಯರ ಬಳಿ ಉಳಿದವು. 1956ರಲ್ಲಷ್ಟೇ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಈ ತಾಲ್ಲೂಕುಗಳು ಒಂದೇ ಜಿಲ್ಲೆಯಾದವು. ಬುಕಾನನ್ ಈ ಸೀಮೆಗೆ ಬಂದದ್ದು ಗಡಿಗೆರೆ ಎಳೆದ ಮರುವರ್ಷ. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ತಿರುಮಕೂಡಲು ನರಸೀಪುರಗಳನ್ನು ದಾಟಿ ಸತ್ತೇಗಾಲ, ಸಿಂಗಾನಲ್ಲೂರು, ಹನೂರು, ಕೌದಳ್ಳಿಗಳ ಮೂಲಕ ಕಾವೇರಿಪುರದ ಘಟ್ಟ ಇಳಿದ.

ಊರಿಗೆ ಬಂದೊಡನೆ ರೈತರನ್ನೂ ಕಸುಬುದಾರರನ್ನೂ ಕರೆಸಿ ಕೇಳುವುದು, ಅವರ ಮಾತನ್ನು ಕಣ್ಣಾರೆ ಕಂಡದ್ದರೊಂದಿಗೆ ಹೋಲಿಸುವುದು ಅವನ ಕ್ರಮ. ರೋಗಿಯ ಮಾತು ಕೇಳಿ, ನಾಡಿ ಹಿಡಿದು ನೋಡುವ ವೈದ್ಯನ ಶಿಸ್ತೇ ಇದು. ಶ್ರೀರಂಗಪಟ್ಟಣದ ಸುತ್ತ ಎರೆ, ಕೆಬ್ಬೆ, ಮರಳು ಎಂದು ರೈತರು ಮಾಡುತ್ತಿದ್ದ ಮಣ್ಣಿನ ವಿಂಗಡಣೆಯನ್ನು ಅವರ ಮಾತಿನಲ್ಲೇ ಬರೆದುಕೊಂಡ. ಒಣಬಿತ್ತನೆ, ಮೊಳಕೆ ಭತ್ತದ ಬಿತ್ತನೆ, ನಾಟಿ ಎಂಬ ಮೂರು ಪದ್ಧತಿಗಳನ್ನು ಬೇರೆಬೇರೆಯಾಗಿ ವಿವರಿಸಿದ. ರಾಗಿಯ ತಳಿಗಳನ್ನು, ರಾಗಿಯೊಡನೆ ಅವರೆ, ತೊಗರಿ ಅಕ್ಕಡಿ ಹಾಕುವುದನ್ನು ಗಮನಿಸಿದ. ಕೆಮ್ಮಣ್ಣು, ಕಪ್ಪುಮಣ್ಣು ಎರಡೂ ಇರುವ ಚಾಮರಾಜನಗರ, ಗುಂಡ್ಲುಪೇಟೆ ಹೊಲಗಳ ಬೇಸಾಯ ಚರಿತ್ರೆಗೂ ಈ ವಿವರಗಳು ಆಧಾರವಾಗುತ್ತವೆ.

ಸೋಲಿಗರ ಉಲ್ಲೇಖ

ಜಿಲ್ಲೆಯ ಮಟ್ಟಿಗೆ ಅವನ ಬರಹದ ಅತ್ಯಮೂಲ್ಯ ಭಾಗ ಇಲ್ಲಿನ ಬೆಟ್ಟಗಳ ಆದಿವಾಸಿಗಳಾದ ಸೋಲಿಗರನ್ನು ಕುರಿತದ್ದು. ಇಂಗ್ಲಿಷ್ ಬರಹಗಳಲ್ಲಿ ಸೋಲಿಗರ ಮೊದಲ ಉಲ್ಲೇಖವೆಂದು ಸಂಶೋಧಕರು ಇದನ್ನು ಎತ್ತಿಹೇಳುತ್ತಾರೆ. ಬೆಟ್ಟದ ನೆತ್ತಿಯ ವಾಸ, ಬಿದಿರನ್ನು ಕಮಾನಿನಂತೆ ಬಾಗಿಸಿ ಬಾಳೆಎಲೆ ಹೊದಿಸಿದ ಗುಡಿಸಲು, ರಾತ್ರಿ ದೊಡ್ಡ ಬೆಂಕಿಯ ಸುತ್ತ ಮಲಗುವ ರೂಢಿ ಎಲ್ಲವೂ ಅಲ್ಲಿ ದಾಖಲಾಗಿವೆ.

ಆದರೆ ಅವನ ನೋಟಕ್ಕೆ ಬಿದ್ದದ್ದು ಬಡತನ ಮತ್ತು ಚಳಿ. ಸೋಲಿಗರ ಹಾಡಿಯಾದ ಪೋಡಿನ ಬದುಕಿನ ಕುಲವ್ಯವಸ್ಥೆ, ದೊಡ್ಡಸಂಪಿಗೆಯಂತಹ ಪವಿತ್ರ ನೆಲೆಗಳು, ನೆಲದ ತರಗಿಗೆ ಸಣ್ಣ ಬೆಂಕಿ ಇಟ್ಟು ಕಾಡನ್ನು ಕಾಪಾಡುವ ತರಗುಬೆಂಕಿಯ ಜ್ಞಾನ, ದೈವ ಮಾದಪ್ಪನ ಹಾಡು ಇವು ಹಾದುಹೋಗುವ ಪಯಣಿಗನ ಕೈಗೆ ಸಿಗುವಂಥವಲ್ಲ. ಸಮೀಕ್ಷೆಯ ಉದ್ದೇಶವೂ ಗೆದ್ದ ನಾಡಿನ ಸಂಪತ್ತನ್ನು ಅಳೆಯುವುದೇ ಆಗಿತ್ತು. ಹತ್ತಿ, ಮೆಣಸು, ಗಂಧ, ಏಲಕ್ಕಿಗಳ ವಿಚಾರಣೆ ಅವನಿಗೆ ಕೊಟ್ಟ ಆದೇಶದಲ್ಲಿಯೇ ಇತ್ತು.

ಮೌಲ್ಯಮಾಪನ

ಬುಕಾನನ್ ದುಡಿದದ್ದು ಕಂಪನಿಗಾಗಿ. ಅವನನ್ನು ಜನಸೇವಕನೆಂದು ಹೊಗಳುವುದು ಸರಿಯಲ್ಲ. ಆದರೂ ದೊರೆಗಳನ್ನು ಬಿಟ್ಟು ದುಡಿಯುವವರನ್ನು ಮಾತಾಡಿಸಿದ್ದರಿಂದ ಅವನ ಬರಹ ಅವನ ಒಡೆಯರ ಉದ್ದೇಶವನ್ನು ಮೀರಿ ನಮಗೆ ಒದಗಿದೆ. ಬಿಳಿಗಿರಿರಂಗನಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕು 2011ರಲ್ಲಿ ಮಾನ್ಯವಾಯಿತು. ಅರಣ್ಯ ಇಲಾಖೆ ಹುಟ್ಟುವ ಮೊದಲೇ ಸೋಲಿಗರು ಈ ಸೀಮೆಯ ಬೆಟ್ಟಗಳಲ್ಲಿ ನೆಲೆಸಿದ್ದರೆಂಬುದಕ್ಕೆ 1807ರ ಈ ಮುದ್ರಿತ ಪುಟಗಳು ಸಾಕ್ಷಿ.

ಈ ಪುಟಗಳನ್ನು ಶಾಸನ, ಕಡತ, ಮಂಟೇಸ್ವಾಮಿ–ಮಾದಪ್ಪ ಜನಪದ ಕಾವ್ಯಗಳ ಜೊತೆಗಿಟ್ಟು ತಾಲ್ಲೂಕುವಾರು ಪರಿಶೀಲಿಸಬೇಕು. ಗುಂಡ್ಲುಪೇಟೆಯ ರೈತರೂ ಪೋಡುಗಳ ಹಿರಿಯರೂ ಆ ಕೆಲಸದಲ್ಲಿ ಜೊತೆಗೂಡಬೇಕು. ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಇದನ್ನು ಕೈಗೆತ್ತಿಕೊಳ್ಳಲಿ.